ಕೆಲಸದ ಮೇಲೆ ಊರೂರು ತಿರುಗುವವರೇ, ನಿಮ್ಮ ಬ್ಯಾಗಿನಲ್ಲಿ ಏನೇನಿರುತ್ತದೆ?

ಪ್ರಶ್ನೆ

ಮುಂದಿನ ತಿಂಗಳಿಂದ ನನ್ನ ಕೆಲಸ ಬದಲಾಗುತ್ತಿದೆ. ತಿಂಗಳಿಗೆ ಎರಡು ಮೂರು ಸಲ ಹೊರಗೆ ಹೋಗಬೇಕು. ಕೆಲವು ಸಲ ಹೊರದೇಶಕ್ಕೂ ಹೋಗಬೇಕಾಗುತ್ತದೆ. ನನ್ನ ಬಳಿ ಇರುವುದು ಒಂದು ಲ್ಯಾಪ್‌ಟಾಪ್, ಒಂದು ಫೋನ್. ಎಲ್ಲಿದ್ದರೂ ಮೇಲ್ ನೋಡಬೇಕು, ವಿಡಿಯೊ ಮೀಟಿಂಗ್ ತಪ್ಪಬಾರದು. ಹೆಗಲಿಗೆ ಹಾಕುವ ಒಂದೇ ಬ್ಯಾಗಿನಲ್ಲಿ ಎಲ್ಲ ಹಿಡಿಸಬೇಕೆಂಬ ಆಸೆ. ಏನು ಇಟ್ಟುಕೊಳ್ಳಲಿ, ಏನು ಬಿಡಲಿ? ಕೊಳ್ಳುವ ಪಟ್ಟಿಗಿಂತ ನಿಮಗೆ ನಿಜವಾಗಿ ಆದ ಅನುಭವ ಹೇಳಿದರೆ ಹೆಚ್ಚು ಉಪಕಾರ.

ಉತ್ತರ 1: ಯಂತ್ರ ಅಳವಡಿಸುವ ಕೆಲಸ, ಹನ್ನೊಂದು ವರ್ಷದ ಓಡಾಟ

ಎಲ್ಲರೂ ಚಾರ್ಜರ್, ಪವರ್ ಬ್ಯಾಂಕ್ ಎಂದು ಶುರು ಮಾಡುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನನಗೆ ದೊಡ್ಡ ಪೆಟ್ಟು ಬಿದ್ದದ್ದು ಬ್ಯಾಟರಿ ಖಾಲಿಯಾದಾಗ ಅಲ್ಲ, ನೆಟ್ ಚೆನ್ನಾಗಿ ಬರುತ್ತಿದ್ದಾಗ.

ಒಮ್ಮೆ ಹೊರದೇಶದಲ್ಲಿ ಇಳಿದು, ವಿಮಾನ ನಿಲ್ದಾಣದಲ್ಲೇ ಅಲ್ಲಿನ ಸಿಮ್ ಕೊಂಡೆ. ನನ್ನ ಖಾಯಂ ಸಿಮ್ ತೆಗೆದು ಪಾಸ್‌ಪೋರ್ಟ್ ಕವರಿನಲ್ಲಿ ಇಟ್ಟೆ. ರಾತ್ರಿ ಹೋಟೆಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದರೆ, ಆಫೀಸ್ ಮೇಲ್ ಹೊಸ ಜಾಗ ಎಂದು ಗುರುತಿಸಿ ಒಟಿಪಿ ಕೇಳಿತು. ಅದು ಬರುವುದು ಖಾಯಂ ನಂಬರಿಗೆ. ಸಿಮ್ ಮತ್ತೆ ಹಾಕಿದೆ. ಅದಕ್ಕೆ ರೋಮಿಂಗ್ ಮಾಡಿಸಿರಲಿಲ್ಲ. ಮಾಡಿಸೋಣ ಎಂದು ಆ ಸಿಮ್ ಕಂಪನಿಯ ಆ್ಯಪ್ ತೆರೆದರೆ, ಅದೂ ಅದೇ ನಂಬರಿಗೆ ಒಟಿಪಿ ಕಳಿಸುತ್ತೇನೆ ಎನ್ನುತ್ತದೆ. ಬೆಳಗ್ಗೆ ಗಿರಾಕಿಗೆ ತೋರಿಸಬೇಕಿದ್ದ ನಕ್ಷೆಗಳೆಲ್ಲ ಮೇಲ್‌ನಲ್ಲೇ ಇದ್ದವು. ಕೊನೆಗೆ ನಡುರಾತ್ರಿ ಸಹೋದ್ಯೋಗಿಯೊಬ್ಬರನ್ನು ಎಬ್ಬಿಸಿ ತರಿಸಿಕೊಂಡೆ.

ಅಂದಿನಿಂದ ಹೊರಡುವ ಮುಂಚೆ ಮೊದಲು ಮಾಡುವ ಕೆಲಸ ಇದೇ. ಎಸ್‌ಎಂಎಸ್ ಇಲ್ಲದೆ ಎಲ್ಲೆಲ್ಲಿ ಲಾಗಿನ್ ಆಗಬಹುದು ಎಂದು ನೋಡುತ್ತೇನೆ. ಆಥೆಂಟಿಕೇಟರ್ ಆ್ಯಪ್‌ಗಳಿಗೆ, ಅಂದರೆ ಲಾಗಿನ್ ಕೋಡನ್ನು ಫೋನಿನಲ್ಲೇ ಹುಟ್ಟಿಸುವ ಆ್ಯಪ್‌ಗಳಿಗೆ, ಕೋಡ್ ತೋರಿಸಲು ನೆಟ್ ಬೇಕಿಲ್ಲ. ಮೊದಲೇ ಫೋನ್‌ನಲ್ಲಿ ಉಳಿದಿರುವ ಒಂದು ಗುಟ್ಟಿನ ಕೀಲಿ, ಆ ಕ್ಷಣದ ಸಮಯ, ಇವೆರಡರಿಂದ ಲೆಕ್ಕ ಹಾಕಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ಕೊಡುತ್ತವೆ. ವಿಮಾನದಲ್ಲಿ ಕೂತಿದ್ದರೂ ನಡೆಯುತ್ತದೆ. ಫೋನಿನ ಗಡಿಯಾರ ಮಾತ್ರ ಸರಿಯಿರಬೇಕು. ಗಡಿಯಾರವನ್ನು ಕೈಯಿಂದ ಹಿಂದೆ ಮುಂದೆ ಮಾಡಿದರೆ ಕೋಡ್ ತಪ್ಪಾಗುತ್ತದೆ. ಊರಿಂದೂರಿಗೆ ಸಮಯ ಬದಲಾಗುವಾಗ ಹಲವರು ಮಾಡುವ ತಪ್ಪು ಇದು. ಸಮಯವನ್ನು ಆಟೋಮ್ಯಾಟಿಕ್ ಆಗಿಯೇ ಬಿಡಿ.

ಫೋನೇ ಕಳೆದುಹೋದರೆ? ಅದಕ್ಕೆಂದೇ ಬ್ಯಾಕಪ್ ಕೋಡ್ ಕೊಡುತ್ತಾರೆ. ನಾನು ಅವನ್ನು ಕಾಗದದಲ್ಲಿ ಬರೆದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಲ್ಲ, ಬಟ್ಟೆಯ ಬ್ಯಾಗಿನಲ್ಲಿ ಇಡುತ್ತೇನೆ. ಯಾವ ಖಾತೆಯದು ಎಂದು ಅದರ ಮೇಲೆ ಬರೆಯುವುದಿಲ್ಲ.

ಖಾಯಂ ಸಿಮ್ ಯಾವತ್ತೂ ಫೋನಿನಿಂದ ತೆಗೆಯಬೇಡಿ. ಹೊರಡುವ ಮುಂಚೆಯೇ ಅದಕ್ಕೆ ರೋಮಿಂಗ್ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ಎಸ್‌ಎಂಎಸ್ ಬರುತ್ತದೆ, ನೆಟ್ ಸುಮ್ನೆ ಖರ್ಚಾಗುವುದಿಲ್ಲ. ನೆಟ್‌ಗೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿಗೇ ಡೌನ್‌ಲೋಡ್ ಆಗುವ ಸಿಮ್, ಹಾಕಿಸಿಕೊಳ್ಳಿ. ನಿಮ್ಮ ಫೋನಿನಲ್ಲಿ ಆ ಸೌಲಭ್ಯ ಇದೆಯಾ ಎಂದು ತಿಳಿಯಲು *#06# ಒತ್ತಿ. ಐಎಂಇಐ ಜೊತೆಗೆ ಇಐಡಿ ಎಂಬ ಉದ್ದ ಸಂಖ್ಯೆಯೂ ಕಂಡರೆ ಇದೆ ಎಂದರ್ಥ. ಫೋನು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರಬಾರದು, ಅದನ್ನೂ ನೋಡಿಕೊಳ್ಳಿ.

ಇ-ಸಿಮ್ ಅನ್ನು ಮನೆಯ ವೈ-ಫೈನಲ್ಲಿ ಕೂತು ಹಾಕಿಕೊಳ್ಳಿ, ಇಳಿದ ಮೇಲೆ ಅಲ್ಲ. ಡೌನ್‌ಲೋಡ್ ಆಗಲು ನೆಟ್ ಬೇಕು, ನೆಟ್ ಬರಲು ಅದೇ ಇ-ಸಿಮ್ ಬೇಕು. ಕ್ಯೂಆರ್ ಕೋಡ್ ಅದೇ ಫೋನಿನ ಮೇಲ್‌ಗೆ ಬಂದಿದ್ದರೆ ಸ್ಕ್ಯಾನ್ ಮಾಡಲು ಇನ್ನೊಂದು ಪರದೆಯೂ ಬೇಕಾಗಬಹುದು. ಇನ್ನೊಂದು ಮಾತು. ಪ್ರಯಾಣಿಕರಿಗೆಂದು ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟು ಬರೀ ಡೇಟಾಕ್ಕೆ. ಅದರಲ್ಲಿ ಫೋನ್ ನಂಬರ್ ಇರುವುದಿಲ್ಲ. ಟ್ಯಾಕ್ಸಿ ಚಾಲಕರು ನಿಮಗೆ ಕರೆ ಮಾಡಬೇಕೆಂದರೆ ಖಾಯಂ ನಂಬರೇ ಗತಿ.

ಉತ್ತರ 2: ವಿದ್ಯುತ್ ಉಪಕರಣಗಳ ಮಾರಾಟ ನನ್ನ ಕೆಲಸ

ಮೇಲಿನವರು ಬಿಟ್ಟದ್ದನ್ನು ನಾನು ಹೇಳುತ್ತೇನೆ.

ಪವರ್ ಬ್ಯಾಂಕ್ ಕೊಳ್ಳುವಾಗ ಎಂಎಎಚ್ ಒಂದನ್ನೇ ನೋಡಬೇಡಿ. ವಿಮಾನದವರು ಕೇಳುವುದು ವ್ಯಾಟ್-ಅವರ್, ಅಂದರೆ ಒಟ್ಟು ಎಷ್ಟು ಶಕ್ತಿ ಹಿಡಿಸುತ್ತದೆ ಎಂಬ ಅಳತೆ. ಲೆಕ್ಕ ಸುಲಭ. 20,000 ಎಂಎಎಚ್ ಅನ್ನು ಒಳಗಿನ ಬ್ಯಾಟರಿಯ 3.7 ವೋಲ್ಟ್‌ನಿಂದ ಗುಣಿಸಿ, 1000ದಿಂದ ಭಾಗಿಸಿ. 74 ವ್ಯಾಟ್-ಅವರ್ ಬಂತು. 100ರವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಒಯ್ಯುವ ಹಾಗಿಲ್ಲ. ಎಷ್ಟೇ ಚಿಕ್ಕದಾದರೂ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಯಲ್ಲೇ ಇರಬೇಕು. ಸರಕಿನ ಜಾಗದಲ್ಲಿ ಬೆಂಕಿ ಹೊತ್ತಿದರೆ ಯಾರ ಕೈಗೂ ಸಿಗುವುದಿಲ್ಲ, ಅದಕ್ಕೇ ಈ ನಿಯಮ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ನಿಂತಿದ್ದ ವಿಮಾನವೊಂದಕ್ಕೆ ಬೆಂಕಿ ಬಿದ್ದ ಮೇಲೆ ಹಲವು ಕಡೆ ನಿಯಮ ಬಿಗಿಯಾಗಿದೆ. ಕೊರಿಯಾದ ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ತಲೆಯ ಮೇಲಿನ ಖಾನೆಯಲ್ಲಿ ಇಡುವಂತಿಲ್ಲ. ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅಕ್ಟೋಬರ್‌ನಿಂದ ವಿಮಾನದೊಳಗೆ ಅದನ್ನು ಬಳಸುವುದನ್ನೇ ನಿಲ್ಲಿಸಿವೆ. ಚೀನಾದ ಒಳಗಿನ ವಿಮಾನಗಳಲ್ಲಿ 2025ರ ಜೂನ್ 28ರಿಂದ 3ಸಿ ಗುರುತು, ಅಂದರೆ ಆ ದೇಶದ ಸುರಕ್ಷತಾ ಪ್ರಮಾಣದ ಮುದ್ರೆ, ಇಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ಹಾಗಾಗಿ ಟಿಕೆಟ್ ಮಾಡಿದ ಮೇಲೆ ಆ ಸಂಸ್ಥೆಯ ನಿಯಮ ಒಮ್ಮೆ ಓದಿ. ಅಕ್ಷರ ಅಳಿಸಿಹೋದ ಹಳೆಯ ಪವರ್ ಬ್ಯಾಂಕ್ ಮನೆಯಲ್ಲೇ ಇರಲಿ. ನನ್ನದೊಂದನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. ಅದು ಎಷ್ಟರದ್ದು ಎಂದು ತೋರಿಸಲು ಮೇಲೆ ಏನೂ ಉಳಿದಿರಲಿಲ್ಲ.

74 ವ್ಯಾಟ್-ಅವರ್ ಎಂದರೆ 74 ಪೂರ್ತಿ ಸಿಗುವುದಿಲ್ಲ. ವೋಲ್ಟೇಜ್ ಏರಿಸಿ ಇಳಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ನನ್ನ 55 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಸುಮಾರು ಒಂದು ಸಲ ತುಂಬುತ್ತದೆ, ಅಷ್ಟೆ. ಜೊತೆಗೆ ಔಟ್‌ಪುಟ್ ಎಷ್ಟು ವ್ಯಾಟ್ ಎಂದು ನೋಡಿ. ಫೋನಿಗೆಂದು ಮಾಡಿದ 18 ವ್ಯಾಟ್‌ನದ್ದಕ್ಕೆ ಲ್ಯಾಪ್‌ಟಾಪ್ ಹಚ್ಚಿದರೆ ಬಹುತೇಕ ಏನೂ ಆಗುವುದಿಲ್ಲ.

ಚಾರ್ಜರ್ ಒಂದೇ ಸಾಕು. 65 ವ್ಯಾಟ್‌ನ ಯುಎಸ್‌ಬಿ-ಸಿ, ಗ್ಯಾಲಿಯಂ ನೈಟ್ರೈಡ್‌ನದ್ದು ತೆಗೆದುಕೊಳ್ಳಿ, ಅಂಗಡಿಯಲ್ಲಿ ಗ್ಯಾನ್ ಎಂದು ಕೇಳಿದರೆ ಕೊಡುತ್ತಾರೆ. ಲ್ಯಾಪ್‌ಟಾಪ್ ಜೊತೆ ಬಂದ ಇಟ್ಟಿಗೆಯಂಥ ಚಾರ್ಜರ್ ಮನೆಯಲ್ಲಿರಲಿ. ಆದರೆ ಎರಡು ಮೂರು ತೂತು ಇರುವ ಚಾರ್ಜರ್‌ಗೆ ಫೋನನ್ನೂ ಹಚ್ಚಿದ ತಕ್ಷಣ ಶಕ್ತಿ ಹಂಚಿಹೋಗುತ್ತದೆ. ಲ್ಯಾಪ್‌ಟಾಪ್‌ಗೆ 45 ವ್ಯಾಟ್ ಮಾತ್ರ ಉಳಿಯಬಹುದು. ಮೀಟಿಂಗ್ ನಡೆಯುವಾಗ ಚಾರ್ಜ್ ಏರುತ್ತಿಲ್ಲ ಎಂದರೆ ಮೊದಲು ಫೋನ್ ಕಿತ್ತು ನೋಡಿ.

ಕೇಬಲ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೋಡಲು ಎಲ್ಲ ಒಂದೇ ಥರ ಅಲ್ವಾ? ಸಾಮಾನ್ಯ ಯುಎಸ್‌ಬಿ-ಸಿ ಕೇಬಲ್ 60 ವ್ಯಾಟ್‌ವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ಬೇಕೆಂದರೆ ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು, ಅದರ ಮೇಲೆ 100 ಅಥವಾ 240 ವ್ಯಾಟ್ ಎಂದು ಬರೆದಿರುತ್ತದೆ. ಒಳ್ಳೆಯ ಕೇಬಲ್ ಎರಡು ಇಡಿ. ಚಾರ್ಜರ್ ಹಾಳಾಗಿದ್ದಕ್ಕಿಂತ ಕೇಬಲ್ ಹಾಳಾಗಿದ್ದನ್ನೇ ನಾನು ಹೆಚ್ಚು ನೋಡಿದ್ದೇನೆ.

ಗೋಡೆಯ ಪ್ಲಗ್‌ಗಳಲ್ಲಿ ಜಗತ್ತಿನಾದ್ಯಂತ 15 ಬಗೆ ಇವೆ. ಒಂದು ಅಡಾಪ್ಟರ್ ಬೇಕೇ ಬೇಕು. ಅದು ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಜಪಾನಿನಲ್ಲಿ 100 ವೋಲ್ಟ್, ಬ್ರಿಟನ್ನಿನಲ್ಲಿ 230. ಚಾರ್ಜರ್ ಮೇಲೆ 100–240 ಎಂದಿದ್ದರೆ ಎಲ್ಲಿ ಬೇಕಾದರೂ ಹಚ್ಚಿ. ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ಮಾತ್ರ ಅಡಾಪ್ಟರ್‌ಗೆ ಹಚ್ಚಲೇಬೇಡಿ.

ಉತ್ತರ 3: ತರಬೇತಿ ಕೊಡುವವರು

ಚಿಕ್ಕದಾಗಿ ಹೇಳುತ್ತೇನೆ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರ್‌ಗೋ ಟಿವಿಗೋ ಜೋಡಿಸುವ ಎಚ್‌ಡಿಎಂಐ ಅಡಾಪ್ಟರ್ ನಿಮ್ಮದೇ ಇರಲಿ. ಮೀಟಿಂಗ್ ರೂಮಿನಲ್ಲಿ ಇರುತ್ತದೆ ಎಂದು ನಂಬಿ ಹೋಗಬೇಡಿ. ಕೊಳ್ಳುವ ಮುಂಚೆ ಲ್ಯಾಪ್‌ಟಾಪ್‌ನ ಯಾವ ಯುಎಸ್‌ಬಿ-ಸಿ ತೂತಿನಿಂದ ಪರದೆಗೆ ಚಿತ್ರ ಹೋಗುತ್ತದೆ ಎಂದು ನೋಡಿ. ಎಲ್ಲ ತೂತುಗಳಿಂದಲೂ ಹೋಗುವುದಿಲ್ಲ. ವೈರ್ ಇರುವ ಇಯರ್‌ಫೋನ್ ಒಂದು ಇಡಿ. ಬ್ಲೂಟೂತ್ ಇಯರ್‌ಫೋನ್ ಕೈಕೊಡುವುದು ಮುಖ್ಯ ಕರೆಯ ನಡುವೆಯೇ. ತೋರಿಸಬೇಕಾದ ಸ್ಲೈಡ್‌ಗಳು ಲ್ಯಾಪ್‌ಟಾಪ್‌ನಲ್ಲೇ ಇರಲಿ, ಪಿಡಿಎಫ್ ಪ್ರತಿ ಫೋನಿನಲ್ಲೂ ಇರಲಿ. ಪೆನ್ ಡ್ರೈವ್ ನೆಚ್ಚಿಕೊಳ್ಳಬೇಡಿ, ಹಲವು ಕಂಪನಿಗಳ ಕಂಪ್ಯೂಟರ್‌ಗಳು ಅದನ್ನು ತೆರೆಯಲು ಬಿಡುವುದಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಒಟಿಪಿ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ: ಹೋಟೆಲ್ ವೈ-ಫೈ ನಂಬಬಹುದಾ? ಚಿಕ್ಕ ಟ್ರಾವೆಲ್ ರೂಟರ್ ತೆಗೆದುಕೋ ಎಂದು ಒಬ್ಬರು ಹೇಳಿದರು. ಬೇಕಾ?

ಉತ್ತರ 4: ಲೆಕ್ಕಪರಿಶೋಧನೆಯ ಕೆಲಸ, ವಾರಗಟ್ಟಲೆ ಹೋಟೆಲ್ ವಾಸ

ಎರಡು ರಾತ್ರಿ ತಂಗುವುದಾದರೆ ಬೇಡ. ನಾನು ಒಂದೇ ಜಾಗದಲ್ಲಿ ಎರಡು ಮೂರು ವಾರ ಇರುತ್ತೇನೆ, ನನಗೆ ಬೇಕು. ಹೋಟೆಲ್‌ನವರು ಒಂದು ರೂಮಿಗೆ ಎರಡು ಉಪಕರಣ ಎಂದು ಮಿತಿ ಹಾಕಿದ್ದರೂ, ರೂಟರ್ ಒಂದೇ ಲಾಗಿನ್ ಆಗುತ್ತದೆ, ನನ್ನವೆಲ್ಲ ಅದರ ಹಿಂದೆ ನಡೆಯುತ್ತವೆ. ರೂಮಿನ ಮೇಜಿನ ಹಿಂದೆ ಲ್ಯಾನ್ ತೂತು ಇದ್ದರೆ ಇನ್ನೂ ಒಳ್ಳೆಯದು. ಒಂದು ಚಿಕ್ಕ ಲ್ಯಾನ್ ಕೇಬಲ್ ಒಯ್ದರೆ ವೈ-ಫೈ ಕುಂಟುತ್ತಿರುವಾಗಲೂ ಅದು ಓಡುತ್ತಿರುತ್ತದೆ.

ನೀವು ಕಲಿಯಬೇಕಾದದ್ದು ಲಾಗಿನ್ ಪುಟ ಬಾರದಿದ್ದಾಗ ಏನು ಮಾಡಬೇಕು ಎನ್ನುವುದು. ವೈ-ಫೈ ಸೇರಿದೆ, ಆದರೆ ರೂಮ್ ನಂಬರ್ ಕೇಳುವ ಪುಟ ತೆರೆಯುತ್ತಲೇ ಇಲ್ಲ. ಎಷ್ಟೋ ಸಲ ಕಾರಣ ನಮ್ಮದೇ ವಿಪಿಎನ್, ಅಂದರೆ ನೆಟ್ ಸಂಪರ್ಕವನ್ನು ಗುಟ್ಟಾಗಿ ಒಯ್ಯುವ ಆ್ಯಪ್. ಅದು ಹೊರಗೆ ದಾರಿ ಹುಡುಕುತ್ತಿರುತ್ತದೆ, ಹೋಟೆಲ್‌ನವರು ಲಾಗಿನ್ ಆಗುವವರೆಗೆ ದಾರಿ ಬಿಡುವುದಿಲ್ಲ. ವಿಪಿಎನ್ ಆಫ್ ಮಾಡಿ, ಲಾಗಿನ್ ಆಗಿ, ಆಮೇಲೆ ಮತ್ತೆ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂದು ಏನಾದರೂ ಹಾಕಿಕೊಂಡಿದ್ದರೆ ಅದನ್ನೂ ಸ್ವಲ್ಪ ಹೊತ್ತು ತೆಗೆಯಿರಿ. ಇದು ಗೊತ್ತಿಲ್ಲದೆ ಮೊದಲ ವರ್ಷ ಎಷ್ಟು ರಾತ್ರಿ ರಿಸೆಪ್ಷನ್‌ಗೆ ಫೋನ್ ಮಾಡಿದ್ದೇನೋ!

ಮುಖ್ಯ ಮೀಟಿಂಗ್ ಇದ್ದರೆ ಫೋನಿನ ಹಾಟ್‌ಸ್ಪಾಟ್ ಸಿದ್ಧ ಇರಲಿ. ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಫೋನಿನ ಚಾರ್ಜ್ ಅಷ್ಟು ಬೇಗ ಇಳಿಯುವುದಿಲ್ಲ. ವಿಡಿಯೊ ಕರೆ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಕ್ಯಾಮೆರಾ ಆಫ್ ಮಾಡಿ, ಬೇರೆಯವರ ವಿಡಿಯೊ ಬರುವುದನ್ನೂ ನಿಲ್ಲಿಸಿದರೆ ಬರೀ ಮಾತಿಗೆ ತೀರಾ ಕಡಿಮೆ ಸಾಕು. ಆದರೆ ನಿಜವಾಗಿ ಡೇಟಾ ಖಾಲಿ ಮಾಡುವುದು ಹಿಂದೆ ಸದ್ದಿಲ್ಲದೆ ನಡೆಯುವ ಅಪ್‌ಡೇಟ್ ಮತ್ತು ಫೈಲ್ ಸಿಂಕ್. ವಿಂಡೋಸ್‌ನಲ್ಲಿ ಆ ಹಾಟ್‌ಸ್ಪಾಟನ್ನು ಮೀಟರ್ಡ್ ಕನೆಕ್ಷನ್, ಅಂದರೆ ಡೇಟಾ ಮಿತಿಯಿರುವ ಸಂಪರ್ಕ, ಎಂದು ಗುರುತು ಮಾಡಿ. ಒಂದೇ ಬೆಳಗಿನಲ್ಲಿ ನನ್ನ ವಾರದ ಡೇಟಾ ಮುಗಿದದ್ದು ಹೀಗೆಯೇ.

ಉತ್ತರ 5: ಆಮದು ವ್ಯವಹಾರದವರು

ನೆಟ್ ಇದ್ದರೂ ನಿಮ್ಮ ಆ್ಯಪ್ ನಡೆಯುತ್ತದೆ ಎನ್ನುವ ಹಾಗಿಲ್ಲ. ಚೀನಾದಲ್ಲಿ ಗೂಗಲ್, ವಾಟ್ಸ್ಆ್ಯಪ್ ತೆರೆಯುವುದಿಲ್ಲ. ಸಾಮಾನ್ಯವಾಗಿ ರೋಮಿಂಗ್ ಡೇಟಾ ನಮ್ಮ ಸ್ವಂತ ಸಿಮ್ ಕಂಪನಿಯ ಜಾಲದ ಮೂಲಕವೇ ಸುತ್ತಿ ಬರುತ್ತದೆ. ಹಾಗಾಗಿ ಅಲ್ಲಿನ ಹೋಟೆಲ್ ವೈ-ಫೈನಲ್ಲಿ ತೆರೆಯದ್ದು ರೋಮಿಂಗ್‌ನಲ್ಲಿ ತೆರೆಯುತ್ತದೆ. ನಾನು ಅಲ್ಲಿಗೆ ಹೋಗುವಾಗ ರೋಮಿಂಗ್ ಡೇಟಾ ಹಾಕಿಸಿಕೊಂಡೇ ಹೋಗುವುದು. ಯುಎಇಯಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಎಲ್ಲಿ ಯಾವ ಆ್ಯಪ್‌ನಲ್ಲಿ ಮಾತಾಡುವುದು ಎಂದು ಆಫೀಸಿನವರ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಿ. ಉಪಗ್ರಹ ಫೋನ್ ಇದ್ದರೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಅದನ್ನು ಒಯ್ಯುವುದು ಅಪರಾಧ.

ನನ್ನ ಕಡೆಯಿಂದ ಒಂದೇ ಹೆಚ್ಚಿನ ಸಾಮಾನು, ಹಳೆಯ ಫೋನ್. ಅದರಲ್ಲೂ ಮೇಲ್, ಆಥೆಂಟಿಕೇಟರ್, ಆ ಊರಿನ ಆಫ್‌ಲೈನ್ ನಕ್ಷೆ ಹಾಕಿ ಬೇರೆ ಬ್ಯಾಗಿನಲ್ಲಿ ಇಡುತ್ತೇನೆ. ಒಮ್ಮೆ ರೈಲಿನಲ್ಲಿ ಫೋನ್ ಕಳವಾದಾಗ ಆ ಹಳೆಯ ಫೋನಿನಿಂದಲೇ ನಾಲ್ಕು ದಿನ ಕೆಲಸ ನಡೆಸಿದೆ.

ಉತ್ತರ 2 ಬರೆದವರು ಮತ್ತೆ

ಹಳೆಯ ಫೋನ್ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಭದ್ರತಾ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಆಫೀಸ್ ಮೇಲ್ ಇಡುವುದು ಅಪಾಯ. ಅಪ್‌ಡೇಟ್ ಇನ್ನೂ ಬರುತ್ತಿದ್ದರೆ, ಲಾಕ್ ಇದ್ದರೆ ಸರಿ. ಬ್ಯಾಟರಿ ಉಬ್ಬಿದ್ದರಂತೂ ವಿಮಾನಕ್ಕೆ ಒಯ್ಯಲೇಬೇಡಿ.

ಕೇಳಿದವರು

ನಿನ್ನೆ ರಾತ್ರಿ ಒಂದು ಪರೀಕ್ಷೆ ಮಾಡಿದೆ. ಬ್ಯಾಗ್ ಪೂರ್ತಿ ಕಟ್ಟಿ, ಮನೆಯ ವೈ-ಫೈ ಆಫ್ ಮಾಡಿ, ಬ್ಯಾಗಿನಲ್ಲಿ ಇರುವುದರಿಂದ ಮಾತ್ರ ಎರಡು ಗಂಟೆ ಕೆಲಸ ಮಾಡಿದೆ. ಮೂರು ವಿಷಯ ಗೊತ್ತಾಯಿತು. ನನ್ನ ಬಿಳಿ ಕೇಬಲ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಆಗುವುದೇ ಇಲ್ಲ. ಬ್ಯಾಂಕಿನ ಆ್ಯಪ್ ಎಸ್‌ಎಂಎಸ್ ಒಂದನ್ನೇ ಒಪ್ಪುತ್ತದೆ, ಹಾಗಾಗಿ ರೋಮಿಂಗ್ ಮಾಡಿಸಲೇಬೇಕು. ಎಚ್‌ಡಿಎಂಐ ಎಡಗಡೆಯ ತೂತಿನಲ್ಲಿ ಮಾತ್ರ ನಡೆಯುತ್ತದೆ, ಅಲ್ಲಿಗೆ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿದೆ. ಇ-ಸಿಮ್ ಕೂಡ ಹಾಕಿದೆ. ವಾಪಸ್ ಬಂದ ಮೇಲೆ ಅದನ್ನು ಅಳಿಸಿಬಿಡಬೇಕಾ?

ಉತ್ತರ 1 ಬರೆದವರು ಮತ್ತೆ

ಈ ಪರೀಕ್ಷೆಯನ್ನು ನಾನು ಮೊದಲ ವರ್ಷವೇ ಮಾಡಿದ್ದರೆ ಆ ರಾತ್ರಿ ತಪ್ಪುತ್ತಿತ್ತು. ಇ-ಸಿಮ್ ಈಗಲೇ ಅಳಿಸಬೇಡಿ. ಹಲವು ಕಂಪನಿಗಳ ಕ್ಯೂಆರ್ ಕೋಡ್ ಒಂದೇ ಸಲಕ್ಕೆ ನಡೆಯುತ್ತದೆ. ಅಳಿಸಿದರೆ ಅದೇ ಕೋಡ್‌ನಿಂದ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ಇಡಿ. ಅದೇ ದೇಶಕ್ಕೆ ಇನ್ನೊಮ್ಮೆ ಹೋಗುವಾಗ, ಕಂಪನಿಯವರು ಅವಕಾಶ ಕೊಟ್ಟರೆ, ಅದಕ್ಕೇ ಡೇಟಾ ತುಂಬಿಸಿಕೊಳ್ಳಬಹುದು. ಇಳಿದ ಕೂಡಲೇ ಡೇಟಾ ಯಾವ ಸಿಮ್‌ನಿಂದ ಹೋಗುತ್ತಿದೆ ಎಂದು ಮಾತ್ರ ಮರೆಯದೆ ನೋಡಿ.