ಅಪ್‌ಡೇಟ್: ತಂಗಿಯ ಮದುವೆ ಫೋಟೋಗಳು ಬಂದವು

ಮುಹೂರ್ತ, ಊಟ, ರಿಸೆಪ್ಷನ್ ನಡುವೆ ಫೋಟೋಗೆ ಸಮಯ ಹೊಂದಿಸುವುದು ಹೇಗೆ ಎಂದು ಕೇಳಿದ್ದೆ ಅಲ್ವಾ? ನೀವು ಹೇಳಿದಂತೆ ಜೋಡಿ ಫೋಟೋಗಳನ್ನು ರಿಸೆಪ್ಷನ್‌ಗೆ ಮುಂಚೆ, ಇಳಿಬಿಸಿಲಿನಲ್ಲಿ, ಛತ್ರದ ಹಿಂದಿನ ತೋಟದಲ್ಲಿ ತೆಗೆಸಿದೆವು. ಅವಸರವೇ ಇರಲಿಲ್ಲ.

ಜಾಸ್ತಿ ಕೆಲಸಕ್ಕೆ ಬಂದಿದ್ದು ಗ್ರೂಪ್ ಫೋಟೋ ಪಟ್ಟಿ. ಎರಡೂ ಕಡೆಯ ನೆಂಟರನ್ನು ಬಲ್ಲ ಸೋದರಮಾವನ ಕೈಗೆ ಕೊಟ್ಟೆವು. ಅವರು ಅಜ್ಜಿಯನ್ನು ಮೊದಲು ಕೂರಿಸಿ, ಬೇಗ ಊಟಕ್ಕೆ ಕಳಿಸಿದರು.

ಫೋಟೋಗ್ರಾಫರ್ ಪುರೋಹಿತರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದರು. ಅಂತರಪಟ ಸರಿಯುವ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರು. ಜೀರಿಗೆ ಬೆಲ್ಲ ಬೀಳುವಾಗ ತಂಗಿ ನಕ್ಕಿದ್ದು, ಹಿಂದೆ ಅಪ್ಪ ಕಣ್ಣೊರೆಸಿಕೊಂಡಿದ್ದು, ಎರಡೂ ಒಂದೇ ಫೋಟೋದಲ್ಲಿವೆ! ಎಷ್ಟು ಸಲ ನೋಡಿದರೂ ಸಾಲದು.

ಧಾರೆಯಲ್ಲಿ ಮಾತ್ರ ನೆಂಟರ ಮೊಬೈಲ್‌ಗಳು ಅಡ್ಡ ಬಂದವು. ತಮ್ಮನ ಮದುವೆಗೆ ಅದನ್ನು ನೋಡಿಕೊಳ್ಳಲೂ ಒಬ್ಬರನ್ನು ನಿಲ್ಲಿಸುತ್ತೇವೆ.