1991ರ ಮಿಯಾಟಾ ಎಂಜಿನ್ನಿನ ಟಕಟಕ ಸದ್ದು: ಲಿಫ್ಟರೋ, ರಾಡ್ ಬೇರಿಂಗೋ?

ಪ್ರಶ್ನೆ

ಮಾನ್ಯರೇ, ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿದ್ದೇನೆ. ಈಚೆಗೆ 1991ರ ಮಜ್ದಾ ಮಿಯಾಟಾ ಕಾರೊಂದನ್ನು ಕೊಂಡೆ. 1.6 ಲೀಟರಿನ ಮೂಲ ಎಂಜಿನ್ನೇ ಇದೆ. ಹಿಂದಿನ ಮಾಲೀಕರು ಇದನ್ನು ಬಹುಕಾಲ ಶೆಡ್ಡಿನಲ್ಲೇ ನಿಲ್ಲಿಸಿದ್ದರಂತೆ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಎಂಜಿನ್ನಿನ ಮೇಲ್ಭಾಗದಿಂದ ಹೊಲಿಗೆ ಯಂತ್ರದಂತಹ ಟಕಟಕ ಸದ್ದು ಹೊರಡುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸದ್ದಿನ ವೇಗವೂ ಏರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಬಹುತೇಕ ನಿಲ್ಲುತ್ತದೆ, ಆದರೆ ಪ್ರತಿದಿನವೂ ಅಲ್ಲ.

ಇಲ್ಲಿನ ಗ್ಯಾರೇಜೊಂದರವರು ಸ್ವಲ್ಪ ಹೊತ್ತು ಕಿವಿಗೊಟ್ಟು, ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು, ಅಂದರೆ ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ಮುಖ್ಯ ದಂಡವನ್ನು, ಹಿಡಿಯುವೆಡೆಯ ಬೇರಿಂಗು) ಸವೆದಿದೆ, ಎಂಜಿನ್ ಇಳಿಸಲೇಬೇಕು ಎಂದರು. ಮೈಸೂರಿನಲ್ಲಿರುವ ನಮ್ಮ ಭಾವ ಫೋನಿನಲ್ಲಿ ಸದ್ದು ಕೇಳಿ, ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಮೇಲಿನ ಸಂದನ್ನು ಸ್ಕ್ರೂ ತಿರುಗಿಸಿ ಸರಿಪಡಿಸುವುದು) ಮಾಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಎಂಜಿನ್ ಬಿಚ್ಚುವ ಮುನ್ನ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿಂದ ಕಾರಣವನ್ನು ಗುರುತಿಸುವುದು ಸಾಧ್ಯವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಸಾಧ್ಯವಿದೆ. ಸದ್ದು ಹೇಗಿದೆ ಎಂಬುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನೇ ಹೆಚ್ಚು ನಂಬಿ. ನಿಮ್ಮ ಭಾವನವರ ಸಲಹೆ ನಮ್ಮೂರಿನ ಹಳೆಯ ಕಾರುಗಳ ಮಟ್ಟಿಗೆ ಸರಿಯಾದದ್ದೇ, ಆದರೆ ಈ ಎಂಜಿನ್ನಿನಲ್ಲಿ ಸೆಟ್ಟಿಂಗ್ ಮಾಡಲು ಸ್ಕ್ರೂ ಎಂಬುದೇ ಇಲ್ಲ. ಇದರ ಹದಿನಾರು ವಾಲ್ವ್‌ಗಳ (ಗಾಳಿ, ಹೊಗೆ ಓಡಾಡುವ ಬಾಗಿಲುಗಳ) ಮೇಲೂ ಹೈಡ್ರಾಲಿಕ್ ಲಿಫ್ಟರ್‌ಗಳಿವೆ. ಲಿಫ್ಟರಿನ ಒಳಗಿನ ಪುಟ್ಟ ಕೋಣೆಯಲ್ಲಿ ಆಯಿಲ್ ತುಂಬಿಕೊಂಡು, ವಾಲ್ವ್‌ಗಳನ್ನು ಒತ್ತಿ ತೆರೆಯುವ ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಸಂದನ್ನು ತಾನಾಗಿಯೇ ಮುಚ್ಚುತ್ತದೆ. ಕಾರು ಬಹುಕಾಲ ನಿಂತಿದ್ದರೆ ಆ ಆಯಿಲ್ ಇಳಿದುಹೋಗುತ್ತದೆ, ಇಲ್ಲವೇ ಒಣಗಿದ ಜಿಡ್ಡು ಅದರ ಸಣ್ಣ ರಂಧ್ರಗಳನ್ನು ಕಟ್ಟಿಬಿಡುತ್ತದೆ. ಆಗ ಸಂದು ಉಳಿದು ಲೋಹಕ್ಕೆ ಲೋಹ ಬಡಿಯುತ್ತದೆ. ತಣ್ಣಗಿರುವಾಗ ಸದ್ದು ಮಾಡಿ, ಒತ್ತಡದ ಆಯಿಲ್ ಮೇಲೇರಿ ತುಂಬಿಕೊಂಡ ಮೇಲೆ ಸುಮ್ಮನಾಗುವುದು ಇದರ ಲಕ್ಷಣ.

ರಾಡ್ ಬೇರಿಂಗಿನ ನಡವಳಿಕೆ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಆಯಿಲ್ ಬಿಸಿಯಾಗಿ ತೆಳುವಾದಷ್ಟೂ, ಎಂಜಿನ್ನಿನ ಮೇಲೆ ಭಾರ ಬಿದ್ದಷ್ಟೂ ಅದರ ಸದ್ದು ಗಟ್ಟಿಯಾಗುತ್ತದೆ. ಅದು ಮೇಲಿನಿಂದಲ್ಲ, ಕೆಳಗಿನಿಂದ ಬರುವ ದಪ್ಪನೆಯ ಗುದ್ದು. ನಿಮ್ಮ ವಿವರಣೆಯನ್ನು ಓದಿದರೆ ಆ ಗ್ಯಾರೇಜಿನ ತೀರ್ಮಾನ ಅವಸರದ್ದೆಂದೇ ನನಗೆ ಅನ್ನಿಸುತ್ತದೆ.

ಹಾಗಿದ್ದರೂ ಪರೀಕ್ಷಿಸಿಯೇ ನಿರ್ಧರಿಸಿ. ಸದ್ದು ಇರುವಾಗಲೇ, ಎಂಜಿನ್ ನಿಂತಲ್ಲಿ ಓಡುತ್ತಿರುವಾಗ, ಸಿಲಿಂಡರಿಗೆ ಪೆಟ್ರೋಲ್ ಚಿಮುಕಿಸುವ ಒಂದೊಂದೇ ಇಂಜೆಕ್ಟರಿನ ಕನೆಕ್ಟರನ್ನು ಕಳಚಿ ಮತ್ತೆ ಹಾಕುತ್ತ ಬನ್ನಿ. ಕಳಚಿದ ಸಿಲಿಂಡರಿನಲ್ಲಿ ಇಂಧನ ಉರಿಯುವುದಿಲ್ಲವಾದ್ದರಿಂದ ಅದರ ರಾಡಿನ ಮೇಲೆ ಹೊಡೆತ ಬೀಳುವುದಿಲ್ಲ. ರಾಡಿನ ಸದ್ದಾಗಿದ್ದರೆ ಆ ಸಿಲಿಂಡರಿನ ಸರದಿ ಬಂದಾಗ ಅದು ಸ್ಪಷ್ಟವಾಗಿ ಕುಗ್ಗುತ್ತದೆ, ಲಿಫ್ಟರಿನದಾಗಿದ್ದರೆ ಏನೂ ಬದಲಾಗುವುದಿಲ್ಲ. ಪ್ಲಗ್ಗಿನ ವೈರನ್ನು ಕೀಳಲು ಮಾತ್ರ ಹೋಗಬೇಡಿ. ಕಿಡಿ ಹುಟ್ಟಿಸುವ ಕಾಯಿಲ್‌ಗೆ ಪೆಟ್ಟಾಗಬಹುದು, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಕೆಡಿಸಬಹುದು.

ಇನ್ನೊಂದು ಉಪಾಯವೂ ಇದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಈ ಕಾರು ನಿಂತಲ್ಲಿ ಓಡುವ ವೇಗ ನಿಮಿಷಕ್ಕೆ ಸುಮಾರು 850 ಸುತ್ತು. ಆದ್ದರಿಂದ ಒಂದು ಲಿಫ್ಟರ್ ಸಡಿಲವಾಗಿದ್ದರೆ ಸೆಕೆಂಡಿಗೆ ಏಳು ಬಡಿತಗಳಷ್ಟೇ ಕೇಳಿಸಬೇಕು. ಕಿವಿಯಿಂದ ಎಣಿಸುವುದು ಕಷ್ಟ. ಮೊಬೈಲಿನಲ್ಲಿ ಧ್ವನಿಮುದ್ರಿಸಿ, ವೇಗವನ್ನು ತಗ್ಗಿಸಿ ಎಣಿಸಿ ನೋಡಿ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಇರುವುದು ಎರಡೇ ಸಾಧ್ಯತೆಗಳೆಂದು ಭಾವಿಸಬೇಡಿ. ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಸೀಳು ಬಿಟ್ಟಿದ್ದರೆ ಅಥವಾ ಅದರ ಗ್ಯಾಸ್ಕೆಟ್ ಸೋರುತ್ತಿದ್ದರೆ ಬರುವುದೂ ಇಂಥದೇ ಟಕಟಕ. ಲೋಹ ಬಿಸಿಯಾಗಿ ಹಿಗ್ಗಿದಾಗ ಸೀಳು ಮುಚ್ಚಿಕೊಂಡು ಆ ಸದ್ದೂ ನಿಲ್ಲುವುದರಿಂದ, ಬರಿಯ ತಣ್ಣಗೆ ಬಿಸಿಯ ಲೆಕ್ಕದಲ್ಲಿ ಅನುಭವಿಗಳೂ ಮೋಸಹೋಗುತ್ತಾರೆ. ನಿಮ್ಮ ಕಾರಿನಲ್ಲಿ ಎಕ್ಸಾಸ್ಟ್ ಇರುವುದು ಚಾಲಕನ ಬದಿಗೆ, ಗಾಳಿ ಒಳಬರುವ ಭಾಗ ಅದರ ಎದುರು ಬದಿಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲ್ಮುಚ್ಚಳವಾದ ಕ್ಯಾಮ್ ಕವರಿನ ಮೇಲೆ ಅಲ್ಲಲ್ಲಿ ಇಟ್ಟು ಹಿಡಿಗೆ ಕಿವಿಗೊಟ್ಟರೆ ಸದ್ದು ಯಾವ ಬದಿಯದೆಂಬುದು ತಿಳಿಯುತ್ತದೆ. ಮೆಕ್ಯಾನಿಕ್‌ಗಳ ಸ್ಟೆತೊಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ತಿರುಗುವ ಬೆಲ್ಟುಗಳ ಹತ್ತಿರ ತಲೆಯನ್ನು ಒಯ್ಯಬೇಕಾಗುವುದಿಲ್ಲ.

ಸದ್ದಿಗೆ ನೇರ ಸಂಬಂಧವಿಲ್ಲದಿದ್ದರೂ ಒಂದು ವಿಷಯವನ್ನು ಹೇಳಲೇಬೇಕು. 1990ರ ಹಾಗೂ 1991ರ ಮೊದಲ ಭಾಗದ ಕಾರುಗಳ ಕ್ರ್ಯಾಂಕಿನ ಮೂತಿ ಗಿಡ್ಡದಾಗಿದ್ದು, ಮುಂದಿನ ಪುಲ್ಲಿಯ ಬೋಲ್ಟ್ ಸಡಿಲಗೊಂಡರೆ ಕೀಲಿ ಕೂರುವ ತೋಡು ಸವೆದು ಕ್ರ್ಯಾಂಕೇ ಹಾಳಾಗುವ ಪ್ರಸಂಗಗಳು ಪ್ರಸಿದ್ಧವಾಗಿವೆ. ಪುಲ್ಲಿಯ ಮುಂಭಾಗದಲ್ಲಿ ನಾಲ್ಕು ಸೀಳುಗಂಡಿಗಳಿದ್ದರೆ ಹಳೆಯ ಬಗೆ, ಎಂಟಿದ್ದರೆ ತಿದ್ದಿದ ಬಗೆ. ಎಂಜಿನ್ ಓಡುವಾಗ ಪುಲ್ಲಿ ಓಲಾಡುತ್ತದೆಯೇ ಎಂಬುದನ್ನೂ ಗಮನಿಸಿ.

ಉತ್ತರ 3

ಆಯಿಲ್ ಮಟ್ಟವನ್ನು ನೋಡಿದ್ದೀರಾ? ಕಡಿಮೆ ಇರುವುದಷ್ಟೇ ದೋಷವಲ್ಲ. ಮೇಲಿನ ಗೆರೆಯನ್ನು ಮೀರಿ ತುಂಬಿದ್ದರೂ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಆ ಗಾಳಿಗುಳ್ಳೆಗಳು ಲಿಫ್ಟರ್ ಸೇರಿದರೆ ಸದ್ದು ಖಚಿತ. ಫಿಲ್ಟರೂ ಮುಖ್ಯ. ಈ ಕಾರಿನಲ್ಲಿ ಅದು ಅಡ್ಡಡ್ಡಲಾಗಿ ಕೂರುವುದರಿಂದ, ಒಳಗಿನ ತಡೆ ವಾಲ್ವ್ ಕಳಪೆಯಾಗಿದ್ದರೆ ರಾತ್ರಿಯಿಡೀ ಆಯಿಲ್ ಹಿಂದಕ್ಕೆ ಇಳಿದುಹೋಗುತ್ತದೆ. 1994ರವರೆಗಿನ ಮಿಯಾಟಾಗಳಲ್ಲಿ ಆಯಿಲ್ ಒತ್ತಡದ ಮೀಟರ್ ನಿಜವಾಗಿಯೂ ಒತ್ತಡವನ್ನು ತೋರಿಸುತ್ತದೆ. 1995ರಿಂದ ಈಚಿನವುಗಳಲ್ಲಿ ಅದು ಹೆಸರಿಗಷ್ಟೇ ಮೀಟರು, ಒಳಗಿರುವುದು ಸ್ವಿಚ್ಚು. ನಿಮ್ಮದು ಹಳೆಯ ಬಗೆಯಾದ್ದರಿಂದ, ಬಿಸಿ ಎಂಜಿನ್ನಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದು ತಿಳಿಸಿ. ಪ್ರತಿ ಸಾವಿರ ಸುತ್ತಿಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಇರಬೇಕೆಂಬುದು ಗ್ಯಾರೇಜುಗಳ ಸಾಮಾನ್ಯ ರೂಢಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂಜೆಕ್ಟರುಗಳನ್ನು ಒಂದೊಂದಾಗಿ ಕಳಚಿದಾಗ ಎಂಜಿನ್ ನಡುಗಿತೇ ಹೊರತು ಟಕಟಕ ಸದ್ದು ಸ್ವಲ್ಪವೂ ಕುಗ್ಗಲಿಲ್ಲ. ಸ್ಕ್ರೂಡ್ರೈವರಿನಿಂದ ಕೇಳಿದರೆ ಗಾಳಿ ಒಳಬರುವ ಬದಿಯಲ್ಲಿ, ಮೂರನೆಯ ಸಿಲಿಂಡರಿನ ಮೇಲೆ ಅತ್ಯಂತ ಜೋರಾಗಿದೆ. ಎಕ್ಸಾಸ್ಟ್ ಬದಿ ಶಾಂತವಾಗಿದೆ. ಬಿಸಿಯಾದ ಮೇಲೆ 3000 ಸುತ್ತಿನಲ್ಲಿ ಮುಳ್ಳು 40 ಪಿಎಸ್‌ಐ ದಾಟುತ್ತದೆ. ಪುಲ್ಲಿಯಲ್ಲಿ ಎಂಟು ಗಂಡಿಗಳಿವೆ, ಓಲಾಟವಿಲ್ಲ. ಆಯಿಲ್ ಮಟ್ಟ ಸರಿಯಾಗಿದೆ, ಆದರೆ ಅದು ಕಪ್ಪಾಗಿ ಮಂದವಾಗಿದೆ. ಈಗ ಲಿಫ್ಟರುಗಳನ್ನು ಹೊರತೆಗೆಯಲೇಬೇಕೇ?

ಉತ್ತರ 1ನ್ನು ಬರೆದವರಿಂದ

ಇಷ್ಟು ಸಾಕ್ಷ್ಯ ಸಿಕ್ಕ ಮೇಲೆ ಎಂಜಿನ್ ಇಳಿಸುವ ಮಾತನ್ನು ಬಿಟ್ಟುಬಿಡಿ. ಲಿಫ್ಟರುಗಳಿಗೂ ಈಗಲೇ ಕೈ ಹಾಕಬೇಡಿ. ಮೊದಲು ಆಯಿಲ್ ಮತ್ತು ಒಳ್ಳೆಯ ಫಿಲ್ಟರನ್ನು ಬದಲಾಯಿಸಿ. ಡೀಸೆಲ್ ಟ್ರಕ್ಕುಗಳಿಗೆಂದು ತಯಾರಿಸುವ 5ಡಬ್ಲ್ಯು-40 ದರ್ಜೆಯ ಸಿಂಥೆಟಿಕ್ ಆಯಿಲಿನಲ್ಲಿ ಜಿಡ್ಡು ಕರಗಿಸುವ ಅಂಶ ಹೆಚ್ಚಾಗಿರುವುದರಿಂದ ಮಿಯಾಟಾ ಓಡಿಸುವ ಅನೇಕರು ಅದನ್ನೇ ಹಾಕುತ್ತಾರೆ. ಸ್ವಲ್ಪ ಕಾಲ ಓಡಿಸಿ, ಆ ಆಯಿಲನ್ನು ಅವಧಿಗೆ ಮುನ್ನವೇ ಮತ್ತೊಮ್ಮೆ ಬದಲಾಯಿಸಿ. ಹೀಗೆ ಸುಮ್ಮನಾದ ಲಿಫ್ಟರುಗಳು ಬಹಳ.

ಆಗಲೂ ಸದ್ದು ಉಳಿದರೆ ಕ್ಯಾಮ್ ಕವರ್ ತೆಗೆದು, ಕ್ಯಾಮಿನ ಉಬ್ಬು ಮೇಲ್ಮುಖವಾಗಿರುವ ಲಿಫ್ಟರುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತಿರಬೇಕಾದದ್ದು ಮೆತ್ತಗೆ ಕುಸಿದರೆ ಅದೇ ತಪ್ಪಿತಸ್ಥ. ಅದನ್ನು ತೆಗೆಯಲು ಕ್ಯಾಮ್‌ಶಾಫ್ಟ್ ಬಿಚ್ಚಬೇಕು, ಅದಕ್ಕೆ ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಕಳಚಬೇಕು. ಹೇಗೂ 60,000 ಮೈಲಿಗೊಮ್ಮೆ ಬದಲಾಯಿಸುವ ಬೆಲ್ಟ್ ಅದು. ಎಂದು ಬದಲಾಯಿಸಿದ್ದೆಂಬ ದಾಖಲೆ ಇಲ್ಲದಿದ್ದರೆ ಅದೇ ಸಮಯದಲ್ಲಿ ಹೊಸದನ್ನು ಹಾಕಿಬಿಡಿ. ಉಳಿದ ಲಿಫ್ಟರುಗಳನ್ನು ಹೊರತೆಗೆದರೆ ಪ್ರತಿಯೊಂದೂ ತನ್ನದೇ ಗೂಡಿಗೆ ಮರಳುವಂತೆ ಗುರುತು ಹಾಕಿಕೊಳ್ಳಿ. ಹೊಸ ಲಿಫ್ಟರನ್ನು ಆಯಿಲಿನಲ್ಲಿ ಮುಳುಗಿಸಿ ಗಾಳಿ ಹೊರಡಿಸಿದ ಬಳಿಕವೇ ಕೂರಿಸಿ. ಎಲ್ಲ ಜೋಡಿಸಿದ ಮೇಲೆ ಕೂಡಲೇ ಕೀ ತಿರುಗಿಸದೆ ಸ್ವಲ್ಪ ಹೊತ್ತು ಬಿಟ್ಟು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಟೈಮಿಂಗ್ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿಕೊಂಡು, ಆನಂತರ ಚಾಲೂ ಮಾಡಿ.