ಸಹಾಯ ಬೇಕು: ಉಡುಪಿಯ ಸ್ವರ್ಣಾ ನದಿಯಲ್ಲಿ ಸಿಕ್ಕಿದ ಸಣ್ಣ ಎಲುಬುಗಳು ಯಾವುದರದ್ದು?

ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ನೀರು ಇಳಿದಾಗ ನಾನೂ ಮಗಳೂ ಶೀಂಬ್ರ ಸೇತುವೆ ಹತ್ತಿರ ಕಲ್ಲು, ಚಿಪ್ಪು ಹುಡುಕಲು ಹೋಗುತ್ತೇವೆ. ಈ ಸಲ ಹೊಯ್ಗೆಯಲ್ಲಿ ಐದು ಸಣ್ಣ ಎಲುಬು ಸಿಕ್ಕಿವೆ.

ಮೂರು ಮಣಿಯಂಥವು, 1 ಸೆಂ.ಮೀ. ಅಗಲ. ಎರಡೂ ಕಡೆ ಬಟ್ಟಲಿನ ಹಾಗೆ ಗುಳಿ, ಒಳಗೆ ಉಂಗುರ ಉಂಗುರವಾಗಿ ಗೆರೆ. ಮೀನಿನ ಬೆನ್ನೆಲುಬು ಅಂತ ನನಗೆ ಅನಿಸುತ್ತದೆ. ಆದರೆ ತಾಟೆಯದ್ದಾ (ಶಾರ್ಕ್), ಮುರು ಮೀನಿನದ್ದಾ (ಗ್ರೂಪರ್)? ಉಳಿದ ಎರಡು ಚಪ್ಪಟೆ, ಒಂದು ಅಂಚು ಗರಗಸದ ಹಾಗಿದೆ. ಆಮೆ ಚಿಪ್ಪಿನ ಚೂರಿರಬಹುದಾ?

ಎಲ್ಲವೂ ಕಡು ಕಂದು. ಬಣ್ಣ ನೋಡಿ ಪಳೆಯುಳಿಕೆ ಅನ್ನಲು ಧೈರ್ಯವಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಕಬ್ಬಿಣ ಜಾಸ್ತಿ, ಹೊಸ ಎಲುಬಿಗೂ ಬಣ್ಣ ಹಿಡಿಯುತ್ತದೆ. ಅಡಿಯ ಬಂಡೆಯೋ 250 ಕೋಟಿ ವರ್ಷಕ್ಕಿಂತ ಹಳೆಯದು. ಆಗ ಎಲುಬಿರುವ ಪ್ರಾಣಿಯೇ ಇರಲಿಲ್ಲ. ಹಾಗಾಗಿ ಬಂಡೆಯಿಂದ ಬಂದದ್ದಂತೂ ಅಲ್ಲ, ನದಿಯ ಮೆಕ್ಕಲು ಮಣ್ಣಿನದ್ದೇ ಇರಬೇಕು.

ಆದರೂ ಗಾತ್ರಕ್ಕಿಂತ ತೂಕ ಜಾಸ್ತಿ. ಸ್ಟೀಲ್ ತಟ್ಟೆಗೆ ಹಾಕಿದರೆ ಕಲ್ಲಿನ ಹಾಗೆ ಟಣ್ ಅನ್ನುತ್ತವೆ. ಕಾಸಿದ ಸೂಜಿ ಮುಟ್ಟಿಸಿದರೆ ಹೊಸ ಎಲುಬಿನಿಂದ ಕೂದಲು ಸುಟ್ಟ ವಾಸನೆ ಬರುತ್ತದೆ, ಅಲ್ವಾ? ಒಂದು ಚಪ್ಪಟೆ ಚೂರಿಗೆ ಮಾಡಿ ನೋಡಿದೆ, ವಾಸನೆ ಬರಲಿಲ್ಲ. ಮಣಿಗಳನ್ನು ಸುಡಲು ಮನಸ್ಸಾಗಲಿಲ್ಲ.

ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಹಾಕಿದ್ದೇನೆ. ದಿನಾ ಮೀನು ಕೊಯ್ಯುವವರು, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಓದಿದವರು ದಯವಿಟ್ಟು ನೋಡಿ ಹೇಳಿ. ಯಾರಿಗಾದರೂ ಕೈಯಲ್ಲಿ ಹಿಡಿದು ನೋಡಬೇಕಿದ್ದರೆ ಮಣಿಪಾಲ, ಉಡುಪಿ ಎಲ್ಲಿಗಾದರೂ ತರುತ್ತೇನೆ. ಮಗಳು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕಾಯುತ್ತಿದ್ದಾಳೆ.